ಎನ್ನಬಹುದಾಗಿದೆ

ಪಿಎಚ್.ಡಿ. ಪದವಿಗಾಗಿ ಬರೆಯುವ ಗ್ರಂಥಕ್ಕೆ ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ‘ಮಹಾಪ್ರಬಂಧ’ ಎಂದು ಹೆಸರು. ನಾನೀಗ ಬರೆಯುತ್ತಿರುವುದು ಬರೀ ಪ್ರಬಂಧ. ಎರಡಕ್ಕೂ ಏನು ವ್ಯತ್ಯಾಸವೆಂದು ತರಗತಿಯಲ್ಲಿ ಒಮ್ಮೆ ಹುಡುಗನೊಬ್ಬ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಕೂತಿದ್ದವನು, ‘ಪ್ರಬಂಧವನ್ನು ಜನ ಓದುತ್ತಾರೆ, ಮಹಾಪ್ರಬಂಧವನ್ನು ಪರೀಕ್ಷಕರು ಓದುತ್ತಾರೆ’ ಎಂದುಬಿಟ್ಟ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಆ ಮಾತು ಪೂರ್ತಿ ನಿಜವಲ್ಲ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಪಿಎಚ್.ಡಿ.ಗಾಗಿ ಬರೆದದ್ದೇ, ೧೯೬೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅದನ್ನು ಅಚ್ಚುಹಾಕಿತು, ಇವತ್ತಿಗೂ ಜನ ಹುಡುಕಿಕೊಂಡು ಹೋಗಿ ಓದುತ್ತಾರೆ. ಅಂಥದೊಂದು ಪುಸ್ತಕ ಕಪಾಟಿನಲ್ಲಿ ಕಣ್ಣಿಗೆ ಕಾಣುವಂತೆ ಇರುವಾಗ ಉಳಿದವು ಯಾಕೆ ಹಾಗಾಗುತ್ತವೆ ಎಂಬುದೇ ನನ್ನ ಯೋಚನೆ.

ಇಪ್ಪತ್ತೆಂಟು ವರ್ಷ ಕನ್ನಡ ಅಧ್ಯಾಪಕನಾಗಿದ್ದವನು ನಾನು. ಹನ್ನೊಂದು ಜನರಿಗೆ ಮಾರ್ಗದರ್ಶಕನಾಗಿದ್ದೆ. ಅದಕ್ಕಿಂತ ಎಷ್ಟೋ ಹೆಚ್ಚು ಮಹಾಪ್ರಬಂಧಗಳನ್ನು ಪರೀಕ್ಷಕನಾಗಿ ಓದಿ ವರದಿ ಬರೆದಿದ್ದೇನೆ. ಅಂಚೆಯಲ್ಲಿ ಬಂದ ಆ ಭಾರದ ಕಟ್ಟನ್ನು ಬಿಚ್ಚಿದಾಗ ಮೊದಲು ಓದುವುದು ‘ಕೃತಜ್ಞತೆಗಳು’ ಎಂಬ ಪುಟವನ್ನು. ಅಲ್ಲಿ ಕನ್ನಡ ಜೀವಂತವಾಗಿರುತ್ತದೆ. ಶುಲ್ಕ ಕಟ್ಟಲು ಎತ್ತು ಮಾರಿದ ಅಪ್ಪ, ಮಗುವನ್ನು ತವರಿಗೆ ಕರೆದುಕೊಂಡು ಹೋಗಿ ಆರು ತಿಂಗಳು ಮನೆಯನ್ನು ನಿಶ್ಶಬ್ದವಾಗಿಟ್ಟ ಹೆಂಡತಿ, ಸಾಲ ಬರೆದುಕೊಂಡೇ ನಾನೂರು ಪುಟ ಜೆರಾಕ್ಸ್ ಮಾಡಿಕೊಟ್ಟ ಅಂಗಡಿಯವನು – ಎಲ್ಲರೂ ಎರಡೆರಡು ವಾಕ್ಯಗಳಲ್ಲಿ ಎದ್ದು ಬರುತ್ತಾರೆ. ಪುಟ ತಿರುಗಿಸಿದರೆ ‘ಅಧ್ಯಾಯ ಒಂದು: ಪ್ರಸ್ತಾವನೆ’. ಅಷ್ಟರಲ್ಲಿ ಆ ಕನ್ನಡ ಎಲ್ಲಿಗೋ ಹೊರಟುಹೋಗಿರುತ್ತದೆ. ಬಾಡಿಗೆ ಕೋಟು ತೊಟ್ಟ ಮದುಮಗನಂತೆ ವಾಕ್ಯಗಳು ಬಿಗಿದುಕೊಂಡು ನಿಲ್ಲುತ್ತವೆ. ‘ಸಾಹಿತ್ಯವು ಸಮಾಜದ ಮೇಲೆ ಮಹತ್ವದ ಪ್ರಭಾವವನ್ನು ಬೀರಿರುವುದು ಕಂಡುಬರುತ್ತದೆ ಎನ್ನಬಹುದಾಗಿದೆ.’

ಈ ‘ಎನ್ನಬಹುದಾಗಿದೆ’ ಎಂಬ ಪದದ ಮೇಲೆ ನನಗೆ ಬಹಳ ದಿನದ ಸಿಟ್ಟು. ಒಂದೇ ಪದದಲ್ಲಿ ತಪ್ಪಿಸಿಕೊಳ್ಳಲು ಮೂರು ಬಾಗಿಲು. ಯಾರು ಎಂದರು? ಗೊತ್ತಿಲ್ಲ. ಖಂಡಿತವೇ? ಅಲ್ಲ, ಎನ್ನಬಹುದು ಅಷ್ಟೆ. ನೀವೇ ಹೇಳುತ್ತಿದ್ದೀರಾ? ಇಲ್ಲ, ಅದು ತಾನೇ ತಾನಾಗಿ ‘ಆಗಿದೆ’. ಒಂದು ಮಹಾಪ್ರಬಂಧದ ಒಂದೇ ಅಧ್ಯಾಯದಲ್ಲಿ ಇದನ್ನು ನಲವತ್ತಮೂರು ಸಲ ಎಣಿಸಿದ್ದೇನೆ. ವಿನಯದ ಭಾಷೆ ಇದು ಎಂದು ಕೆಲವರು ವಾದಿಸುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಇದು ಭಯದ ಭಾಷೆ. ಐದು ವರ್ಷ ಓದಿ, ಅಲೆದು, ಕೊನೆಗೆ ಹೇಳುವ ಹೊತ್ತು ಬಂದಾಗ ‘ನಾನು ಹೀಗೆಂದು ಕಂಡುಕೊಂಡೆ, ಕಾರಣ ಇದು’ ಎಂದು ಬರೆಯಲು ನಮ್ಮ ಹುಡುಗರಿಗೆ ಕೈ ನಡುಗುತ್ತದೆ.

ನಡುಗದೆ ಏನು ಮಾಡೀತು? ಅದನ್ನು ಕಲಿಸಿದವರು ಯಾರು? ಹಸ್ತಪ್ರತಿಗಳನ್ನು ಹೋಲಿಸುವುದು ಹೇಗೆಂದು ಡಿ.ಎಲ್. ನರಸಿಂಹಾಚಾರ್ಯರು ಪುಸ್ತಕವನ್ನೇ ಬರೆದಿದ್ದಾರೆ. ಸಂಶೋಧನೆಯ ಬಗೆಯನ್ನು ತಿಳಿಯಲು ಎಂ.ಎಂ. ಕಲಬುರ್ಗಿಯವರ ‘ಕನ್ನಡ ಸಂಶೋಧನ ಶಾಸ್ತ್ರ’ ಇದೆ. ೨೦೦೯ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ನಿಯಮ ಬಂದಮೇಲೆ ಪಿಎಚ್.ಡಿ.ಗೂ ಪಾಠ, ಪರೀಕ್ಷೆ ಎಲ್ಲ ಕಡ್ಡಾಯವಾದವು. ಪ್ರಾಕ್ಕಲ್ಪನೆ, ಮಾದರಿ ಆಯ್ಕೆ, ಅಡಿಟಿಪ್ಪಣಿಯ ಕ್ರಮ ಇವನ್ನೆಲ್ಲ ಹೇಳುತ್ತಾರೆ. ಆದರೆ ಒಂದು ಪ್ಯಾರಾವನ್ನು ಹಲಗೆಯ ಮೇಲೆ ಬರೆದು, ಇದರಲ್ಲಿ ಯಾವ ವಾಕ್ಯ ಕೆಲಸ ಮಾಡುತ್ತಿದೆ, ಯಾವುದು ಸುಮ್ಮನೆ ನಿಂತಿದೆ ಎಂದು ಒಂದು ದಿನ ಕೂತು ನೋಡುವ ಪದ್ಧತಿ ನಾನು ಕಂಡಂತೆ ಇಲ್ಲ. ಹುಡುಗ ಗ್ರಂಥಾಲಯಕ್ಕೆ ಹೋಗುತ್ತಾನೆ. ಹಿಂದಿನ ವರ್ಷ ಪಾಸಾದ ಮಹಾಪ್ರಬಂಧವನ್ನು ತೆಗೆಯುತ್ತಾನೆ. ಪಾಸಾಗಿದೆ ಎಂದಮೇಲೆ ಅದೇ ಮಾದರಿ. ಅವನ ಹಿಂದಿನವನೂ ಹೀಗೇ ತೆಗೆದಿದ್ದ. ಹೀಗೆ ‘ಎನ್ನಬಹುದಾಗಿದೆ’ ವಂಶಪಾರಂಪರ್ಯವಾಗಿ ಇಳಿದುಬರುತ್ತದೆ. ಈಗ ಗಾಂಧಿನಗರದ ‘ಶೋಧಗಂಗಾ’ದಿಂದ ದೇಶದ ಮಹಾಪ್ರಬಂಧಗಳನ್ನು ಮನೆಯಲ್ಲಿ ಕೂತೇ ಇಳಿಸಿಕೊಳ್ಳಬಹುದು, ಗಂಗೆ ಎಲ್ಲವನ್ನೂ ಹೊತ್ತು ತರುತ್ತಾಳಷ್ಟೆ.

ನಕಲನ್ನು ತಡೆಯಲು ೨೦೧೮ರಲ್ಲಿ ಆಯೋಗ ಬೇರೊಂದು ನಿಯಮ ಮಾಡಿತು. ನೂರಕ್ಕೆ ಹತ್ತರವರೆಗಿನ ಹೋಲಿಕೆಗೆ ದಂಡವಿಲ್ಲ. ಹತ್ತರಿಂದ ನಲವತ್ತರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಮತ್ತೆ ಒಪ್ಪಿಸಬೇಕು. ಅರವತ್ತನ್ನು ದಾಟಿದರೆ ನೋಂದಣಿಯೇ ರದ್ದು. ಒಳ್ಳೆಯದೇ. ಆದರೆ ಎಣಿಸುವುದು ಯಂತ್ರ. ‘ಪ್ರಮುಖ’ ಎಂದಿದ್ದಲ್ಲಿ ‘ಮುಖ್ಯ’ ಎಂದು ಹಾಕಿದ ಕೂಡಲೇ ಹುಡುಗ ಪ್ರಾಮಾಣಿಕನಾಗುತ್ತಾನೆ.

ಇಷ್ಟೆಲ್ಲ ನೆನಪಾಗಲು ಕಾರಣ ನನ್ನ ಕೊನೆಯ ವಿದ್ಯಾರ್ಥಿನಿ. ಕೋಲಾರ ಜಿಲ್ಲೆಯವಳು. ಆ ಸೀಮೆಯಲ್ಲಿ ನದಿಯ ನೀರು ಕಾಣದ ಜನ ಕೆರೆ ಕಟ್ಟಿಕೊಂಡು ಬದುಕಿದರು. ಕಟ್ಟಿದ್ದನ್ನು ಶಾಸನಗಳಲ್ಲಿ ಬರೆಸಿದರು. ಬಿ.ಎಲ್. ರೈಸ್ ೧೯೦೫ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯದೇ. ಕೆರೆ ಕಟ್ಟಿದವನಿಗೆ, ಅದನ್ನು ಕಾಪಾಡುವವನಿಗೆ ಬಿಟ್ಟ ಭೂಮಿಗೆ ಬಿತ್ತುವಟ, ಕಟ್ಟುಕೊಡಗೆ, ದಸವಂದ ಎಂದೆಲ್ಲ ಅಲ್ಲಿ ಹೆಸರುಗಳಿವೆ. ಈ ಹುಡುಗಿಯ ವಿಷಯ ಅದೇ. ಮೂರು ವರ್ಷ ಬಸ್ಸಿನಲ್ಲಿ, ಕಾಲ್ನಡಿಗೆಯಲ್ಲಿ ಅಲೆದು ಅರವತ್ತಕ್ಕೂ ಹೆಚ್ಚು ಕೆರೆಗಳ ಏರಿಯ ಮೇಲೆ ಓಡಾಡಿ ಬಂದಿದ್ದಳು.

ಒಂದು ಸಂಜೆ ಚಹಾ ಕುಡಿಯುತ್ತ ಒಂದು ಸಂಗತಿ ಹೇಳಿದಳು. ವಿಜಯನಗರ ಕಾಲದ ಕಟ್ಟುಕೊಡಗೆ ಶಾಸನವಿರುವ ಒಂದು ಕೆರೆಯ ಕೆಳಗೆ ನಾಲ್ಕು ಗದ್ದೆಗಳನ್ನು ಜನ ಈಗಲೂ ‘ಕೊಡಿಗೆ ಗದ್ದೆ’ ಎನ್ನುತ್ತಾರಂತೆ. ಯಾಕೆ ಆ ಹೆಸರೆಂದು ಗದ್ದೆಯವರಿಗೇ ತಿಳಿಯದು. ಹಿಂದೆ ಕೆರೆಯ ನೀರು ಹಂಚುತ್ತಿದ್ದ ನೀರಗಂಟಿಯ ಮನೆತನದ ಮುದುಕನೊಬ್ಬ ಮಾತ್ರ, ಕನ್ನಡ ತೆಲುಗು ಬೆರೆಸಿ, ‘ಏರಿಗೆ ಮಣ್ಣು ಹಾಕೋರಿಗೆ ಕೊಟ್ಟಿದ್ದು’ ಎಂದನಂತೆ. ಶಾಸನದಲ್ಲಿ ಬರೆದ ಮಾತು ಗದ್ದೆಯ ಹೆಸರಿನಲ್ಲಿ ಐನೂರು ವರ್ಷ ಉಳಿದುಕೊಂಡಿದೆ! ಹೇಳುವಾಗ ಅವಳ ಚಹಾ ತಣ್ಣಗಾಯಿತು. ಐದು ನಿಮಿಷದಲ್ಲಿ ಎಲ್ಲ ಮುಗಿಯಿತು. ನನಗೆ ಒಂದೂ ಅರ್ಥವಾಗದೆ ಉಳಿಯಲಿಲ್ಲ. ಮಾರನೆಯ ವಾರ ಕರಡು ತಂದಳು. ಆ ಸಂಗತಿ ನೂರಾ ಎಂಬತ್ತೇಳನೆಯ ಪುಟದಲ್ಲಿತ್ತು. ಅದಕ್ಕೂ ಮೊದಲು ನೀರಿನ ಮಹತ್ವ, ಭಾರತದಲ್ಲಿ ನೀರಾವರಿ, ಕರ್ನಾಟಕದ ಭೌಗೋಳಿಕ ಪರಿಚಯ, ಕೋಲಾರ ಜಿಲ್ಲೆಯ ಜನಸಂಖ್ಯೆ. ಕೊನೆಗೆ: ‘ಕೊಡಿಗೆ ಎಂಬ ಹೆಸರು ಪ್ರಾಚೀನ ಕಟ್ಟುಕೊಡಗೆಯ ಪಳೆಯುಳಿಕೆಯಾಗಿರುವುದನ್ನು ಗುರುತಿಸಬಹುದಾಗಿದೆ.’

‘ನೀನು ಮೊನ್ನೆ ಹೇಳಿದ್ದು ಎಲ್ಲಿ ಹೋಯಿತು?’ ಎಂದೆ. ‘ಅದು ಮಾತಾಯಿತಲ್ಲ ಸರ್, ಇದು ಬರವಣಿಗೆ’ ಎಂದಳು. ಈ ಒಂದು ವಾಕ್ಯದಲ್ಲಿ ನಮ್ಮ ಶಿಕ್ಷಣದ ಕಥೆಯೆಲ್ಲ ಇದೆ. ಮಹಾಪ್ರಬಂಧವನ್ನು ಪಕ್ಕಕ್ಕಿಡಲು ಹೇಳಿದೆ. ಆ ನೀರಗಂಟಿ ಮುದುಕನಿಗೆ ಕಾಗದ ಬರೆಯುವಂತೆ ನಾಲ್ಕು ಪುಟ ಬರೆದು ತಾ, ಅವನಿಗೆ ಗೊತ್ತಿರುವುದನ್ನು ಅವನಿಗೇ ಹೇಳಬೇಡ, ಅವನಿಗೆ ಗೊತ್ತಿಲ್ಲದ್ದನ್ನು ಅವನು ಒಪ್ಪುವ ಹಾಗೆ ಹೇಳು ಎಂದೆ. ಬರೆದು ತಂದಳು. ನೀರಿನ ಮಹತ್ವ ತಾನಾಗಿ ಬಿದ್ದುಹೋಗಿತ್ತು. ನೀರಿನ ಮಹತ್ವವನ್ನು ನೀರಗಂಟಿಗೆ ಯಾರು ಹೇಳುತ್ತಾರೆ? ಆ ನಾಲ್ಕು ಪುಟವೇ ಅವಳ ಮೊದಲ ಸಂಶೋಧನ ಲೇಖನದ ಬೀಜವಾಯಿತು. ಮಹಾಪ್ರಬಂಧದ ಅಧ್ಯಾಯವನ್ನು ಕತ್ತರಿಸಿದರೆ ಲೇಖನವಾಗುವುದಿಲ್ಲ. ಅಧ್ಯಾಯಕ್ಕೆ ವಿಷಯವಿದ್ದರೆ ಸಾಕು, ಲೇಖನಕ್ಕೆ ಪ್ರಶ್ನೆ ಬೇಕು. ಈ ಗದ್ದೆಯ ಹೆಸರಿಗೂ ಆ ಶಾಸನಕ್ಕೂ ಸಂಬಂಧವಿದೆಯೇ? ಇಷ್ಟೇ ಅವಳ ಪ್ರಶ್ನೆ. ಹಿಂದಿನವರು ಏನು ಹೇಳಿದ್ದಾರೆ, ನನ್ನ ಹತ್ತಿರ ಏನು ಸಾಕ್ಷ್ಯವಿದೆ, ಎಲ್ಲಿ ನನ್ನ ಮಾತು ಮುರಿಯಬಹುದು – ಇವು ಮೂರು ಬಂದರೆ ಉಳಿದದ್ದು ಅಲಂಕಾರ. ಶೀರ್ಷಿಕೆಯ ಕೊನೆಗೆ ‘ಒಂದು ಅಧ್ಯಯನ’ ಎಂದು ಅಂಟಿಸಿದ್ದಳು, ಅದನ್ನೂ ಕೀಳಿಸಿದೆ. ಅಧ್ಯಯನವಲ್ಲದೆ ಮತ್ತೇನು, ಅಡುಗೆಯೇ?

ಆಮೇಲೆ ಶುರುವಾಯಿತು ನಿಜವಾದ ಕಷ್ಟ. ಅದು ೨೦೧೭. ಮಹಾಪ್ರಬಂಧ ಒಪ್ಪಿಸುವ ಮೊದಲು ಒಂದು ಲೇಖನವಾದರೂ ವಿದ್ವತ್ ಪತ್ರಿಕೆಯಲ್ಲಿ ಪ್ರಕಟವಾಗಿರಬೇಕೆಂದು ೨೦೦೯ರ ನಿಯಮ ಹೇಳಿತ್ತು. ೨೦೧೬ರ ನಿಯಮ ಅದರ ಜೊತೆಗೆ ಎರಡು ಸಮ್ಮೇಳನಗಳಲ್ಲಿ ಪ್ರಬಂಧ ಮಂಡನೆಯನ್ನೂ ಸೇರಿಸಿತು. ಉದ್ದೇಶ ಒಳ್ಳೆಯದೇ ಇದ್ದೀತು. ಆದರೆ ಸಾವಿರಾರು ವಿದ್ಯಾರ್ಥಿಗಳಿಗೆ ಒಮ್ಮೆಲೇ ಅಚ್ಚಾದ ಲೇಖನ ಬೇಕಾದರೆ ಅದಕ್ಕೊಂದು ಸಂತೆ ನೆರೆಯದೆ ಇರುತ್ತದೆಯೇ? ನೆರೆಯಿತು. ‘ಅಂತಾರಾಷ್ಟ್ರೀಯ’ ಎಂಬ ವಿಶೇಷಣ ಹೊತ್ತ ಪತ್ರಿಕೆಗಳು ಹುಟ್ಟಿದವು. ಭೂಗರ್ಭಶಾಸ್ತ್ರ, ಗೃಹವಿಜ್ಞಾನ, ವಚನಸಾಹಿತ್ಯ ಎಲ್ಲಕ್ಕೂ ಒಂದೇ ಪತ್ರಿಕೆ. ‘ಮಾನ್ಯ ಘನ ವಿದ್ವಾಂಸರೇ’ ಎಂಬ ಸಂಬೋಧನೆಯ ಪತ್ರಗಳು ಇನ್ನೂ ಪದವಿ ಕಾಣದ ಹುಡುಗರಿಗೆ ಬಂದವು. ಇದು ನಮ್ಮ ತಾಲ್ಲೂಕಿನ ಚಿಲ್ಲರೆ ವ್ಯಾಪಾರ ಮಾತ್ರ ಎಂದುಕೊಳ್ಳಬೇಡಿ. ಹೈದರಾಬಾದಿನ ಒಂದು ಪ್ರಕಾಶನ ಸಂಸ್ಥೆ ಲೇಖಕರಿಗೆ ಮೋಸ ಮಾಡಿದೆಯೆಂದು ೨೦೧೯ರಲ್ಲಿ ಅಮೆರಿಕದ ನ್ಯಾಯಾಲಯವೊಂದು ಐದು ಕೋಟಿ ಡಾಲರಿಗೂ ಹೆಚ್ಚು ಹಣ ಕಟ್ಟಲು ಆದೇಶಿಸಿತು.

ನನ್ನ ವಿದ್ಯಾರ್ಥಿನಿಯ ಹಾಸ್ಟೆಲಿನ ಗೆಳತಿ ಇಂಥದೊಂದು ಪತ್ರಿಕೆಗೆ ಎರಡು ಸಾವಿರದ ಐನೂರು ರೂಪಾಯಿ ಕಟ್ಟಿದಳು. ನಾಲ್ಕನೆಯ ದಿನ ಲೇಖನ ಪ್ರಕಟವಾಯಿತು. ಐದನೆಯ ದಿನ ನನ್ನ ಹುಡುಗಿ ನನ್ನ ಮನೆಯ ಬಾಗಿಲಲ್ಲಿದ್ದಳು. ಶಿಷ್ಯವೇತನ ಮುಗಿಯಲು ಎಂಟು ತಿಂಗಳಿತ್ತು. ಅಪ್ಪನಿಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾಗಬೇಕಿತ್ತು. ಆ ಪತ್ರಿಕೆ ಆಯೋಗ ಅದೇ ವರ್ಷ ಹೊರಡಿಸಿದ ಪಟ್ಟಿಯಲ್ಲಿತ್ತು ಬೇರೆ. ನಾನು ಹೇಳುತ್ತಿದ್ದ ಹಳೆಯ ತ್ರೈಮಾಸಿಕದಲ್ಲಾದರೆ ವರ್ಷ ಹಿಡಿಯಬಹುದಿತ್ತು. ‘ಬೇಗ ಅಚ್ಚಾದರೆ ತಪ್ಪೇನು ಸರ್? ರಾಮನ್ನರದು ಹದಿನೈದೇ ದಿನದಲ್ಲಿ ಅಚ್ಚಾಗಲಿಲ್ಲವೇ?’ ಎಂದಳು. ಪ್ರಶ್ನೆ ಚೆನ್ನಾಗಿತ್ತು. ೧೯೨೮ರ ಮಾರ್ಚ್ ೧೬ರಂದು ಬೆಂಗಳೂರಿನಲ್ಲಿ ಮಾಡಿದ ಭಾಷಣವನ್ನು ರಾಮನ್ ಅದೇ ತಿಂಗಳ ಕೊನೆಗೆ ‘ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್’ನಲ್ಲಿ ಅಚ್ಚುಹಾಕಿಸಿ ದೇಶದೇಶಗಳ ವಿಜ್ಞಾನಿಗಳಿಗೆ ಕಳಿಸಿದ್ದು ನಿಜ. ಅವರಿಗೆ ಪ್ರಕಟಣೆಯ ವಿದ್ಯೆ ಚೆನ್ನಾಗಿ ಗೊತ್ತಿತ್ತು. ಆದರೆ ಅದನ್ನು ಓದಿದವರು ತಮ್ಮ ಪ್ರಯೋಗಶಾಲೆಯಲ್ಲಿ ಕೂತು ಮಾಡಿ ನೋಡಬಹುದಿತ್ತು. ಜರ್ಮನಿಯ ಪ್ರಿಂಗ್‌ಶೈಮ್ ಅದೇ ವರ್ಷ ಮಾಡಿ ನೋಡಿ, ಹೌದೆಂದು, ‘ರಾಮನ್ ಪರಿಣಾಮ’ ಎಂಬ ಹೆಸರನ್ನೂ ಇಟ್ಟ. ‘ನಿನ್ನ ಕೊಡಿಗೆ ಗದ್ದೆಯನ್ನು ಯಾರು ಹೋಗಿ ನೋಡುತ್ತಾರೆ? ಅಚ್ಚಾಗುವ ಮೊದಲು ಒಬ್ಬರಾದರೂ ಅನುಮಾನಪಡಬೇಕಲ್ಲವೇ?’ ಎಂದೆ. ಸುಮ್ಮನಾದಳು. ಒಪ್ಪಿದ್ದಳೆಂದಲ್ಲ, ಹಣವೂ ಇರಲಿಲ್ಲ.

ಲೇಖನವನ್ನು ತ್ರೈಮಾಸಿಕಕ್ಕೆ ಕಳಿಸಿದಳು. ನನ್ನ ಹೆಸರನ್ನೂ ಸೇರಿಸಿದ್ದಳು, ತೆಗೆಸಿದೆ. ಮಾರ್ಗದರ್ಶಕನ ಹೆಸರು ಹಾಕುವುದು ಈಗ ಕೆಲವು ಕಡೆ ರೂಢಿ, ಕೆಲವು ಕಡೆ ಬಲವಂತ. ಏರಿಯ ಮೇಲೆ ನಡೆದವಳು ಅವಳು. ಐದು ತಿಂಗಳಾದಮೇಲೆ ಲಕೋಟೆ ಬಂತು. ಇಬ್ಬರು ಪರಾಮರ್ಶಕರು. ಒಬ್ಬರು ಚೆನ್ನಾಗಿದೆ ಎಂದು ಮೂರು ಸಾಲು ಬರೆದಿದ್ದರು. ಇಂಥವರಿಂದ ಯಾರಿಗೂ ಉಪಯೋಗವಿಲ್ಲ. ಇನ್ನೊಬ್ಬರು ಒಂಬತ್ತು ಪ್ರಶ್ನೆ ಕೇಳಿದ್ದರು. ನಾಲ್ಕನೆಯ ಪ್ರಶ್ನೆ ಹೀಗಿತ್ತು: ಕೆರೆಗೆ ಕೋಡಿ ಇರುತ್ತದಲ್ಲ, ಹೆಚ್ಚಾದ ನೀರು ಹರಿದುಹೋಗುವ ಜಾಗ. ‘ಕೊಡಿಗೆ ಗದ್ದೆ’ ಎಂಬುದು ಕಟ್ಟುಕೊಡಗೆಯಿಂದ ಬಂದದ್ದೋ, ‘ಕೋಡಿಗದ್ದೆ’ಯೇ ಬಾಯಿಂದ ಬಾಯಿಗೆ ಸವೆದದ್ದೋ? ನಡುವಿನ ಐನೂರು ವರ್ಷಕ್ಕೆ ಲೇಖಕಿಯ ಹತ್ತಿರ ಏನು ದಾಖಲೆಯಿದೆ?

ಎಂಥ ಪ್ರಶ್ನೆ! ಓದಿ ನನಗೆ ಸಂತೋಷವಾಯಿತು. ಅವಳು ಅತ್ತಳು. ಹಿಂದೆ ಬಂದದ್ದೇ ಅವಮಾನವೆಂದುಕೊಂಡಿದ್ದಳು. ಆಗ ಅವಳಿಗೆ ಶ್ರೀನಿವಾಸ ರಾಮಾನುಜನ್ ಅವರ ಕಥೆ ಹೇಳಿದೆ. ಹಾರ್ಡಿಗೆ ಬರೆದ ಪತ್ರದ ಕಥೆ ಎಲ್ಲರಿಗೂ ಗೊತ್ತು, ಅದು ೧೯೧೩ರದು. ಅದಕ್ಕೂ ಮೊದಲು, ೧೯೧೧ರಲ್ಲಿ, ಮದರಾಸಿನಲ್ಲಿ ಕೆಲಸವಿಲ್ಲದೆ ಇದ್ದಾಗ ರಾಮಾನುಜನ್ ತಮ್ಮ ಮೊದಲ ಲೇಖನವನ್ನು ಭಾರತೀಯ ಗಣಿತ ಸಂಘದ ಪತ್ರಿಕೆಗೆ ಕಳಿಸಿದರು. ಬರ್ನೂಲಿ ಸಂಖ್ಯೆಗಳ ಮೇಲಿನ ಲೇಖನ. ಪತ್ರಿಕೆಯ ಸಂಪಾದಕರು ನಮ್ಮ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಗಣಿತದ ಅಧ್ಯಾಪಕರಾದ ಎಂ.ಟಿ. ನಾರಾಯಣ ಅಯ್ಯಂಗಾರ್. ಆ ಬರವಣಿಗೆ ಎಷ್ಟು ಸಂಕ್ಷಿಪ್ತ, ಎಷ್ಟು ಅಸ್ಪಷ್ಟವಾಗಿತ್ತೆಂದರೆ ಸಾಮಾನ್ಯ ಓದುಗ ಹಿಂಬಾಲಿಸುವಂತಿರಲಿಲ್ಲ. ಅಯ್ಯಂಗಾರರು ಅದನ್ನು ಮತ್ತೆ ಮತ್ತೆ ಹಿಂದಕ್ಕೆ ಕಳಿಸಿ, ತಿದ್ದಿಸಿ, ತರಿಸಿಕೊಂಡು ಅಚ್ಚುಹಾಕಿದರು. ಅದೇ ಕಾಲೇಜಿನ ಕರ್ನಾಟಕ ಸಂಘದಿಂದ ೧೯೧೯ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ‘ಪ್ರಬುದ್ಧ ಕರ್ನಾಟಕ’ವನ್ನು ಹೊರಡಿಸಿದ್ದು. ಪಾಠ ಮಾಡಿ ಮನೆಗೆ ಬಂದು, ದೀಪ ಹಚ್ಚಿಕೊಂಡು ಇನ್ನೊಬ್ಬರ ಬರವಣಿಗೆಯನ್ನು ತಿದ್ದುವ ಈ ಮೇಷ್ಟರುಗಳಿಗೆ ಯಾವ ಆಯೋಗವೂ ಅಂಕ ಕೊಟ್ಟದ್ದಿಲ್ಲ. ಈಗಲೂ ಕೊಡುವುದಿಲ್ಲ. ಆ ಒಂಬತ್ತು ಪ್ರಶ್ನೆ ಕೇಳಿದವರು ಯಾರೆಂದು ನಮಗೆ ಇವತ್ತಿಗೂ ಗೊತ್ತಿಲ್ಲ.

ಅವಳು ಮತ್ತೆ ಕೋಲಾರದ ಬಸ್ಸು ಹತ್ತಿದಳು. ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಸರ್ವೆ ಪುಸ್ತಕಗಳಿದ್ದವು. ಗುಮಾಸ್ತರು ಮೊದಲ ದಿನ ಬೀಗದ ಕೈ ಇಲ್ಲವೆಂದರು, ಎರಡನೆಯ ದಿನ ಸಾಹೇಬರಿಲ್ಲವೆಂದರು, ಮೂರನೆಯ ದಿನ ಅವಳೇ ಧೂಳು ಹೊಡೆಯುವುದಾದರೆ ಅಭ್ಯಂತರವಿಲ್ಲವೆಂದರು. ನಾಲ್ಕು ಗದ್ದೆಗಳಲ್ಲಿ ಎರಡು ಕೋಡಿಯ ಕೆಳಗೇ ಇದ್ದವು. ಹಳೆಯ ಪುಸ್ತಕದಲ್ಲಿ ಸ್ಪಷ್ಟವಾಗಿ ‘ಕೋಡಿಗದ್ದೆ’ ಎಂದೇ ಇತ್ತು. ಪರಾಮರ್ಶಕರು ಗೆದ್ದರು. ಮೂರನೆಯದರ ಪುಟವನ್ನು ಗೆದ್ದಲು ತಿಂದಿತ್ತು. ನಾಲ್ಕನೆಯದು ಮಾತ್ರ ತೂಬಿನ ಹತ್ತಿರ, ಕೋಡಿಯಿಂದ ಬಹಳ ದೂರ. ಪುಸ್ತಕದಲ್ಲಿ ‘ಕೊಡಗಿ ಇನಾಮು’ ಎಂದು ನಮೂದಾಗಿತ್ತು. ಶಾಸನ ಹೇಳುವ ಹಳ್ಳ, ಹುಟ್ಟುಬಂಡೆ ಎರಡೂ ಅದರ ಎಲ್ಲೆಗೆ ಸರಿಹೊಂದಿದವು. ನಾಲ್ಕು ಗದ್ದೆಗಳ ಲೇಖನ ಒಂದು ಗದ್ದೆಯ ಲೇಖನವಾಯಿತು.

ಉತ್ತರ ಬರೆಯುವುದನ್ನೂ ಕಲಿಯಬೇಕಾಯಿತು. ಮೊದಲ ಕರಡಿನಲ್ಲಿ ಪರಾಮರ್ಶಕರಿಗೆ ಒಂದು ಪುಟ ಸ್ತೋತ್ರ. ಅದನ್ನು ಅಳಿಸಿದೆವು. ಪ್ರಶ್ನೆಯನ್ನು ಇದ್ದಂತೆ ಬರೆದು, ಕೆಳಗೆ ಏನು ತಿದ್ದಿದೆ, ಯಾವ ಪುಟದಲ್ಲಿ ಎಂಬುದನ್ನಷ್ಟೇ ಬರೆದೆವು. ಒಂಬತ್ತರಲ್ಲಿ ಏಳನ್ನು ಒಪ್ಪಿದಳು. ಎರಡನ್ನು ಒಪ್ಪಲಿಲ್ಲ, ಕಾರಣ ಕೊಟ್ಟಳು. ಆ ಎರಡು ಉತ್ತರಗಳಲ್ಲಿ ಒಂದೂ ‘ಬಹುದಾಗಿದೆ’ ಇರಲಿಲ್ಲ. ಇಂಗ್ಲಿಷಿನಲ್ಲಿ ಬರೆದಿದ್ದರೆ ಹೊರಗಿನವರು ಓದುತ್ತಿದ್ದರು ಎಂದು ನನ್ನ ಸಹೋದ್ಯೋಗಿಯೊಬ್ಬರು ಗೊಣಗಿದರು. ಅದೂ ನಿಜವೇ. ಕನ್ನಡದ ಲೇಖನವನ್ನು ಉಲ್ಲೇಖಗಳ ಲೆಕ್ಕ ಇಡುವ ದೊಡ್ಡ ಸೂಚಿಗಳು ಕಣ್ಣೆತ್ತಿಯೂ ನೋಡುವುದಿಲ್ಲ. ಆದರೆ ಸಾಕ್ಷಿ ಹೇಳಿದವರು ಓದಲಾಗದ ಭಾಷೆಯಲ್ಲಿ ತೀರ್ಪು ಬರೆಯುವುದು ನನಗೆ ಸರಿಕಾಣುವುದಿಲ್ಲ. ಇಂಗ್ಲಿಷಿನಲ್ಲಿ ಆಮೇಲೆ ಬರೆಯಲಿ.

ಕಳಿಸಿದ ದಿನದಿಂದ ಹದಿನಾಲ್ಕು ತಿಂಗಳಿಗೆ ಲೇಖನ ಅಚ್ಚಾಯಿತು. ಅಷ್ಟರಲ್ಲಿ ಶಿಷ್ಯವೇತನ ನಿಂತಿತ್ತು. ಅವಳು ಅತಿಥಿ ಉಪನ್ಯಾಸಕಿಯಾಗಿ ಎರಡು ಕಾಲೇಜುಗಳ ನಡುವೆ ಓಡಾಡುತ್ತಿದ್ದಳು. ಒಂದು ಖಾಯಂ ಹುದ್ದೆಯ ಅರ್ಜಿಗೆ ಕೊನೆಯ ದಿನ, ಪದವಿ ಕೈಗೆ ಬಾರದೆ, ದಾಟಿಹೋಯಿತು. ಗೆಳತಿಗೆ ಆ ಹುದ್ದೆ ಸಿಕ್ಕಿತು. ಅವಳು ಹಣ ಕಟ್ಟಿದ ಪತ್ರಿಕೆಯನ್ನು ೨೦೧೮ರ ಮೇ ತಿಂಗಳಲ್ಲಿ ಆಯೋಗ ಇತರ ನಾಲ್ಕು ಸಾವಿರಕ್ಕೂ ಹೆಚ್ಚು ಪತ್ರಿಕೆಗಳ ಜೊತೆ ಪಟ್ಟಿಯಿಂದ ಕಿತ್ತುಹಾಕಿತು. ಅದರಿಂದ ಗೆಳತಿಗೇನೂ ಆಗಲಿಲ್ಲ. ೨೦೧೯ರಲ್ಲಿ ‘ಕೇರ್’ ಎಂಬ ಹೊಸ ಪಟ್ಟಿ ಬಂತು. ೨೦೨೨ರ ನಿಯಮದಲ್ಲಿ ಮೊದಲು ಲೇಖನ ಅಚ್ಚಾಗಿರಬೇಕೆಂಬ ಕಡ್ಡಾಯವೇ ಹೋಯಿತು. ೨೦೨೫ರ ಫೆಬ್ರವರಿಯಲ್ಲಿ ‘ಕೇರ್’ ಪಟ್ಟಿಯನ್ನೂ ಕೈಬಿಟ್ಟು, ಯಾವುದು ಒಳ್ಳೆಯ ಪತ್ರಿಕೆ ಎಂಬುದನ್ನು ವಿದ್ಯಾಸಂಸ್ಥೆಗಳೇ ನೋಡಿಕೊಳ್ಳಲಿ ಎಂದರು. ಇದನ್ನೇ ನಾರಾಯಣ ಅಯ್ಯಂಗಾರರ ಕಾಲದಲ್ಲೂ ನೋಡಿಕೊಳ್ಳುತ್ತಿದ್ದರು ಎಂದುಕೊಂಡೆ. ‘ನಾನು ಆ ಎರಡೂವರೆ ಸಾವಿರ ಕಟ್ಟಿದ್ದರೆ?’ ಎಂದು ಅವಳು ಒಮ್ಮೆ ಕೇಳಿದಳು. ಕೆಲಸ ಸಿಗುತ್ತಿತ್ತೇನೋ. ಹಾಗೆಂದೇ ಹೇಳಿದೆ, ಬೇರೆ ಉತ್ತರ ಕೊಟ್ಟರೆ ಸುಳ್ಳಾಗುತ್ತಿತ್ತು. ಮೌಖಿಕ ಪರೀಕ್ಷೆಯ ದಿನ ಮಾತ್ರ, ಸಭೆಯಲ್ಲಿ ಯಾರೋ ಒಬ್ಬರು ‘ಇದು ಕೋಡಿಗದ್ದೆ ಯಾಕಾಗಿರಬಾರದು?’ ಎಂದು ಎದ್ದು ನಿಂತಾಗ, ಅವಳ ಮುಖ ನೋಡಬೇಕಿತ್ತು.

ಲೇಖನದ ಹತ್ತು ಬಿಡಿಪ್ರತಿ ಬಂದಿದ್ದವು. ಒಂದನ್ನು ನೀರಗಂಟಿಯ ಮನೆಗೆ ಕೊಟ್ಟುಬಂದಳು. ಮುದುಕ ಮೊಮ್ಮಗನಿಂದ ಪೂರ್ತಿ ಓದಿಸಿಕೊಂಡನಂತೆ. ಓದುವುದು ಮುಗಿದಮೇಲೆ ಅವಳು ಬರೆದ ಕೆರೆಯ ನಕ್ಷೆಯ ಮೇಲೆ ಬೆರಳಿಟ್ಟು, ತೂಬು ಎರಡಲ್ಲ, ಮೂರು. ಒಂದು ಹೂಳಿನಡಿಗೆ ಹೋಗಿದೆ, ನಮ್ಮಪ್ಪ ನೋಡಿದ್ದ ಎಂದನಂತೆ. ಮೂರನೆಯ ತೂಬಿನ ಕೆಳಗೆ ಯಾವ ಗದ್ದೆಯಿತ್ತು, ಅದರ ಹೆಸರೇನು? ಕಳೆದ ವಾರ ಆ ಬಗ್ಗೆ ಹೊಸ ಲೇಖನದ ಕರಡು ಕಳಿಸಿದ್ದಾಳೆ. ಚೆನ್ನಾಗಿ ಬರೆದಿದ್ದಾಳೆ. ಎರಡನೆಯ ಪುಟದಲ್ಲಿ ಒಂದು ‘ಎನ್ನಬಹುದಾಗಿದೆ’ ನುಸುಳಿದೆ. ಕೆಂಪು ಶಾಯಿಯಲ್ಲಿ ಸುತ್ತುಹಾಕಿ ಇಟ್ಟಿದ್ದೇನೆ.